ನಾಲ್ಕನೆಯ ಚೌಕ

“‘ನೀರು ತುಂಬಿದ ಲೋಟವನ್ನು ಎತ್ತಿ ಬಾಯಿಯವರೆಗೆ ತರಲು ನಿಮಗೆ ಆಗುತ್ತದೆಯೇ?’”

ಅತ್ತೆ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು, ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಒಂದೊಂದೇ ಪದ ಬಿಡಿಸಿ ಓದಿದರು. ಆಮೇಲೆ ಮಗನ ಕಡೆ ತಿರುಗಿದರು.

“ಇದರ ಮುಂದೆ ನಿನ್ನ ಹೆಂಡ್ತಿ ಎಲ್ಲಿ ಗುರುತು ಹಾಕಿದಾಳೆ ಕೇಳೋ. ‘ತುಂಬಾ ತೊಂದರೆಯಿಂದ’ ಅಂತೆ. ನೀರು ಕುಡಿಯೋಕೆ ತುಂಬಾ ತೊಂದರೆ. ಈ ಮನೇಲಿ ಇವಳಿಗೆ ಒಂದು ಲೋಟ ನೀರಿಗೂ ಗತಿ ಇಲ್ಲ ಅಂತ ಆಸ್ಪತ್ರೆಯವರು ಅಂದ್ಕೊಳ್ಲಿ ಅಂತ ತಾನೆ?”

ಮಧ್ಯಾಹ್ನದ ಊಟದ ಹೊತ್ತು. ಕೆಳಗೆ ಅಂಗಡಿಯಲ್ಲಿ ಬಟ್ಟೆ ತೊಳೆಯುವ ಯಂತ್ರಗಳೆರಡೂ ಗುರ್ರೆನ್ನುತ್ತಿದ್ದವು. ಆ ನಡುಕಕ್ಕೆ ಮೇಲಿನ ಅಡುಗೆಮನೆಯ ತಟ್ಟೆಗಳು ಸಣ್ಣಗೆ ಅಲುಗುತ್ತಿದ್ದವು. ಮಗ ಬಾಯಿಗೆ ಒಯ್ಯುತ್ತಿದ್ದ ತುತ್ತನ್ನು ಅರ್ಧಕ್ಕೇ ನಿಲ್ಲಿಸಿ ತಟ್ಟೆ ನೋಡಿದ. ಒಲೆಯ ಪಕ್ಕ ನಿಂತಿದ್ದ ಸೊಸೆ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಳು. ಆ ಹಾಳೆಯನ್ನು ದಿಂಬಿನ ಚೀಲಗಳ ರಾಶಿಯ ನಡುವೆ ಬಚ್ಚಿಟ್ಟದ್ದು ಅವಳೇ. ಆದರೆ ಅತ್ತೆ ದಿಂಬಿನ ಚೀಲಗಳನ್ನು ದಿನಕ್ಕೆರಡು ಸಲ ಎಣಿಸುತ್ತಾರೆ ಎಂಬುದು ಆ ಗಡಿಬಿಡಿಯಲ್ಲಿ ಮರೆತೇಹೋಗಿತ್ತು.

“ಮುಗೀಲಿಲ್ಲ, ಇನ್ನೂ ಕೇಳು,” ಎಂದರು ಅತ್ತೆ. “‘ಸಣ್ಣ ಗುಂಡಿಗಳನ್ನು ಹಾಕಿಕೊಳ್ಳಲು’... ನಾಲ್ಕನೇ ಚೌಕ. ‘ಆಗುವುದಿಲ್ಲ.’ ‘ಬಿಗಿಯಾದ ನಲ್ಲಿಯನ್ನು ತಿರುಗಿಸಲು’... ಅದಕ್ಕೂ ನಾಲ್ಕನೇದೇ. ‘ಆಗುವುದಿಲ್ಲ.’ ಏ ಹುಡುಗಿ, ಇವತ್ತು ಬೆಳಿಗ್ಗೆ ಆ ನಲ್ಲಿ ತಿರುಗಿಸಿ ನಲವತ್ತು ಚಾದರ ನೆನೆಹಾಕಿದ್ದು ಯಾರು? ನಿನ್ನ ನೆರಳಾ?”

ಸೊಸೆ ಈ ಮನೆಗೆ ಬಂದು ಹನ್ನೊಂದು ವರ್ಷವಾಗಿದ್ದರೂ ಅತ್ತೆಯ ಬಾಯಲ್ಲಿ ಅವಳಿನ್ನೂ ‘ಹುಡುಗಿ’ಯೇ. ಊರಿನವರಿಗೆಲ್ಲ ಅತ್ತೆ ‘ಯಜಮಾನಿ’. ಮಗ ಹೊಟ್ಟೆಯಲ್ಲಿದ್ದಾಗಲೇ ಗಂಡ ತೀರಿಕೊಂಡ ಮೇಲೆ ಒಂದು ತೊಟ್ಟಿ, ಒಂದು ಇಸ್ತ್ರಿಪೆಟ್ಟಿಗೆ ಇಟ್ಟುಕೊಂಡು ಶುರುಮಾಡಿದ ಅಂಗಡಿ ಅವರದು. ಮಗ ಹುಟ್ಟುವ ಹಿಂದಿನ ದಿನವೂ ನಿಂತು ಎಂಬತ್ತು ಚಾದರ ಹಿಂಡಿದ್ದೆ ಎಂದು ಹೇಳಿಕೊಳ್ಳುವ ಹೆಂಗಸು. ಆ ಮನೆಯಲ್ಲಿ ‘ಆಗಲ್ಲ’ ಎನ್ನುವ ಮಾತಿಗೆ ಒಂದೇ ಅರ್ಥ: ಮಾಡಲ್ಲ. ಸೊಸೆಯಾದವಳು ಅತ್ತೆಯ ಮುಖಕ್ಕೆ ‘ನನ್ನ ಕೈಲಿ ಆಗಲ್ಲ’ ಎಂದರೆ ಅದು ಸೊಕ್ಕು. ಅದನ್ನೇ ಕಾಗದದ ಮೇಲೆ ಬರೆದು ಊರವರಿಗೆ ಕೊಟ್ಟರೆ?

“ಬಿಡಮ್ಮ, ಊಟದ ಹೊತ್ತಲ್ಲಿ,” ಎಂದ ಮಗ.

“ನೀನು ಸುಮ್ನೆ ಉಣ್ಣು. ನಿಂಗಾದ್ರೂ ಬಾಯಿಗೆ ಕೈ ಹೋಗುತ್ತಲ್ಲ, ಅಷ್ಟೇ ಪುಣ್ಯ.”

ಹಾಳೆಯನ್ನು ಊಟದ ಮೇಜಿನ ಮೇಲೆ ಒಗೆದು ಅತ್ತೆ ಕೆಳಗಿಳಿದು ಹೋದರು. ಒಳಗಿನ ಹದಿನೇಳು ಮೆಟ್ಟಿಲುಗಳ ಮೇಲೆ ಅವರ ಹೆಜ್ಜೆಯ ಸದ್ದು ಒಂದೊಂದಾಗಿ ಕೇಳಿಸಿ, ಯಂತ್ರದ ಗದ್ದಲದಲ್ಲಿ ಮುಳುಗಿತು.

ಸೊಸೆಗೆ ಕೂತರೆ ಕೂರಲಾಗಲಿಲ್ಲ, ನಿಂತರೆ ನಿಲ್ಲಲಾಗಲಿಲ್ಲ. ಪಾತ್ರೆ ಎತ್ತಿಟ್ಟಳು, ಇಟ್ಟದ್ದನ್ನೇ ಮತ್ತೆ ತೆಗೆದಳು. ಕಿಟಕಿಯ ಹತ್ತಿರ ಹೋಗಿ ಏತಕ್ಕೆ ಬಂದೆನೆಂದು ತಿಳಿಯದೆ ಹಿಂತಿರುಗಿದಳು. ನಿನ್ನೆಯಿಂದ ಅವಳಿಗೆ ಹೀಗೇ. ನಿನ್ನೆ ಆಸ್ಪತ್ರೆಯ ಕೀಲುನೋವಿನ ವಿಭಾಗಕ್ಕೆ ಅವಳು ಮೊದಲ ಬಾರಿಗೆ ಒಬ್ಬಳೇ ಹೋಗಿದ್ದಳು. ಹಿಂದಿನ ಎರಡು ಸಲ ಅತ್ತೆ ಜೊತೆಗಿದ್ದರು. ಮೊದಲ ಸಲ ನರ್ಸು ಒಂದೊಂದು ಪ್ರಶ್ನೆಯ ಮುಂದೂ ನಾಲ್ಕು ಚೌಕಗಳಿದ್ದ ಈ ಹಾಳೆ ಕೊಟ್ಟಾಗ ಅತ್ತೆಯೇ ಅದನ್ನು ಕಸಿದುಕೊಂಡು, “ಮಾಡ್ತಾಳೆ... ಇದೂ ಮಾಡ್ತಾಳೆ... ಇದನ್ನೂ ಮಾಡ್ತಾಳೆ. ನಮ್ಮ ಮನೇಲಿ ಕೂತು ತಿನ್ನೋರು ಯಾರೂ ಇಲ್ಲ” ಎನ್ನುತ್ತ ಮೊದಲನೆಯ ಚೌಕಗಳಿಗೆಲ್ಲ ಗುರುತು ಹಾಕಿಸಿದ್ದರು. ‘ಯಾವ ತೊಂದರೆಯೂ ಇಲ್ಲದೆ.’ ಎರಡನೆಯ ಸಲ ಸೊಸೆ ತಾನೇ ಹಾಗೆ ಹಾಕಿದಳು. ನಿನ್ನೆಯೂ ಅಭ್ಯಾಸಬಲದಿಂದ ಹಾಗೇ ಹಾಕಿ ಕೊಟ್ಟಿದ್ದಳು.

ನರ್ಸು ಹಾಳೆ ನೋಡಿದರು. ಬಾಗಿಲನ್ನು ಕೈಯಿಂದಲ್ಲ, ಭುಜದಿಂದ ತಳ್ಳಿಕೊಂಡು ಒಳಬಂದಿದ್ದ ಇವಳನ್ನೂ ನೋಡಿದರು.

“ಎಲ್ಲಾ ಮೊದಲನೇ ಚೌಕ. ಹಾಗಾದ್ರೆ ಇಲ್ಲಿಗ್ಯಾಕೆ ಬಂದ್ರಿ, ಓಟದ ಪಂದ್ಯಕ್ಕೆ ಹೋಗ್ಬೇಕಿತ್ತಲ್ಲ.”

ಸೊಸೆ ನಕ್ಕಳು. ನಗು ಅರ್ಧಕ್ಕೇ ನಿಂತಿತು.

“ನಲ್ಲಿ ತಿರುಗಿಸ್ತೀರಾ?” ಎಂದು ಕೇಳಿದರು ನರ್ಸು.

“ತಿರುಗಿಸ್ತೀನಲ್ಲ.”

“ಹೇಗೆ?”

ಇಂಥ ಪ್ರಶ್ನೆಯನ್ನು ಅವಳಿಗೆ ಯಾರೂ ಕೇಳಿರಲಿಲ್ಲ. “ಅದಕ್ಕೆ... ಒಂದು ಒದ್ದೆ ಬಟ್ಟೆ ಸುತ್ತಿ, ಬಟ್ಟೆ ತುದೀನ ಮೊಣಕೈ ಹತ್ರ ಸಿಕ್ಕಿಸ್ಕೊಂಡು ಎಳೀತೀನಿ.”

“ಅಲ್ಲೇ ಇರೋದು ನೋಡಿಮ್ಮ. ಕೆಲಸ ಆಯ್ತಾ ಇಲ್ವಾ ಅಂತ ಈ ಹಾಳೆ ಕೇಳ್ತಿಲ್ಲ. ಆ ಕೆಲಸ ನಿಮ್ಮ ಮೈಯಿಂದ ಏನೇನು ಕಿತ್ಕೊಳ್ತು ಅಂತ ಕೇಳ್ತಿದೆ. ಬಟ್ಟೆ ಸುತ್ತಿದ್ರೆ, ಗೋಡೆ ಹಿಡಿದ್ರೆ, ಯಾರನ್ನಾದ್ರೂ ಕರೆದ್ರೆ... ಎಲ್ಲಾ ತೊಂದರೆ ಲೆಕ್ಕಕ್ಕೇ.”

“ಕಾರು ಹತ್ತಿ ಇಳಿಯೋಕೆ ಆಗುತ್ತಾ ಅಂತಿತ್ತು. ನಮ್ಮ ಹತ್ರ ಕಾರೇ ಇಲ್ಲ, ಇಲ್ಲದ್ದಕ್ಕೆ ಏನು ತೊಂದರೆ ಅಂತ ಮೊದಲನೇದು ಹಾಕಿದೆ.”

ನರ್ಸು ಜೋರಾಗಿ ನಕ್ಕರು. “ಬಸ್ಸು ಹತ್ತಲ್ವಾ? ಇವತ್ತು ಹೇಗೆ ಹತ್ತಿದ್ರಿ, ಅದನ್ನ ಬರೀರಿ. ಮಾಡೋದನ್ನೇ ಬಿಟ್ಟಿರೋ ಕೆಲಸಕ್ಕೆ ತೊಂದರೆ ಇಲ್ಲ ಅಂತ ಹಾಕ್ಬೇಡಿ. ಯಾಕೆ ಬಿಟ್ರಿ ಅಂತ ಒಂದು ಸಲ ಯೋಚನೆ ಮಾಡಿ ಹಾಕಿ.”

“ಕೆಲವು ದಿನ ಚೆನ್ನಾಗಿರುತ್ತೆ, ಕೆಲವು ದಿನ...”

“ಚೆನ್ನಾಗಿರೋ ದಿನ ಆರಿಸ್ಬೇಡಿ, ತೀರಾ ಕೆಟ್ಟ ದಿನಾನೂ ಆರಿಸ್ಬೇಡಿ. ಹೋದ ಏಳು ದಿನ ಹೇಗಿದ್ರಿ, ಅಷ್ಟೇ.” ನರ್ಸು ದನಿ ತಗ್ಗಿಸಿದರು. “ರಕ್ತದ ಪರೀಕ್ಷೆ ಹೇಳೋದು ಅರ್ಧ, ನೀವು ಹೇಳೋದು ಅರ್ಧ. ಎರಡು ಸಲ ನೀವು ಆರಾಮಾಗಿದೀನಿ ಅಂದ್ರಿ, ಡಾಕ್ಟರು ಹಳೇ ಮಾತ್ರೆಯಲ್ಲೇ ಇಟ್ರು. ಬೆರಳು ಸೊಟ್ಟಗಾದ ಮೇಲೆ ಯಾವ ಔಷಧೀನೂ ನೆಟ್ಟಗೆ ಮಾಡಲ್ಲಮ್ಮ. ಗುರುವಾರ ಡಾಕ್ಟರು ಇರ್ತಾರೆ. ಬೇರೆ ಹಾಳೆ ಕೊಡ್ತೀನಿ, ನಿಜ ಬರ್ಕೊಂಡು ಬನ್ನಿ.”

ನಿಜ ಬರೆಯುವುದು ಇಷ್ಟು ಕಷ್ಟವೆಂದು ಅವಳಿಗೆ ಗೊತ್ತಿರಲಿಲ್ಲ. ರಾತ್ರಿ ಪೆನ್ಸಿಲನ್ನು ಮುಷ್ಟಿಯಲ್ಲಿ ಹಿಡಿದು ನಾಲ್ಕನೆಯ ಚೌಕದಲ್ಲಿ ಎರಡು ಗುರುತು ಹಾಕುವಷ್ಟರಲ್ಲಿ, ಯಾರದೋ ಮನೆಯಿಂದ ಕದ್ದು ಬಂದವಳ ಹಾಗೆ ಬೆವರಿದ್ದಳು.

ಊಟ ಮುಗಿಸಿದ ಗಂಡ ಕೈ ಒರೆಸಿಕೊಳ್ಳುತ್ತ ಹತ್ತಿರ ಬಂದ. ಅಂಗಡಿಯ ವ್ಯಾನು ಓಡಿಸಿ ಹೋಟೆಲುಗಳಿಗೆ ಬಟ್ಟೆ ಮುಟ್ಟಿಸುವುದು ಅವನ ಕೆಲಸ. ಕೆಟ್ಟವನಲ್ಲ. ಆದರೆ ಮನೆಯಲ್ಲಿ ದನಿ ಏರಿತೆಂದರೆ ಅವನಿಗೆ ವ್ಯಾನಿನ ಬೀಗದ ಕೈ ನೆನಪಾಗುತ್ತಿತ್ತು.

“ನೋಡೇ, ನಾಲ್ಕು ಗೀಟು ತಾನೆ? ಅಳಿಸಿ ಬೇರೆ ಕಡೆ ಹಾಕು. ಡಾಕ್ಟರ ಹತ್ರ ಬಾಯಲ್ಲಿ ಹೇಳು ಬೇಕಾದ್ರೆ. ಮನೇಲಿ ಒಂದು ದಿನ ನೆಮ್ಮದಿಯಾಗಿರ್ಲಿ.”

ಅತ್ತೆ ಅಷ್ಟು ಅಂದಾಗ ಬಾರದ ಕಣ್ಣೀರು ಈಗ ಬಂತು. “ನೀವೂ ಸುಳ್ಳು ಅಂತೀರಾ?” ಎಂದಳು.

“ಸುಳ್ಳು ಅಂದ್ನಾ? ನೋವಿದೆ, ಗೊತ್ತು. ಯಾರಿಗಿಲ್ಲ ಹೇಳು...” ಎನ್ನುತ್ತ ಅವನು ಚಪ್ಪಲಿ ಮೆಟ್ಟಿಕೊಂಡ.

ಸಂಜೆ ಇಳಿಬಿಸಿಲು ಇಸ್ತ್ರಿ ಮೇಜಿನ ಮೇಲೆ ಬಿದ್ದಿತ್ತು. ಬಂದಿದ್ದ ಮೂಟೆಗಳೆಲ್ಲ ಮುಗಿದಿದ್ದವು. ಸೊಸೆ ಹಾಳೆಯನ್ನು ಮೇಜಿನ ಮೇಲೆ ಹರಡಿಕೊಂಡು ರಬ್ಬರು ಹಿಡಿದು ನಿಂತಿದ್ದಳು. ಆಗಲಿ, ಅಳಿಸಿಬಿಡೋಣ. ಬೆರಳು ಸೊಟ್ಟಗಾದರೆ ಆಗಲಿ, ಮನೆ ನೆಟ್ಟಗಿರಲಿ... ಆದರೆ ಕಡಲೆಕಾಳಿನಷ್ಟೇ ಇದ್ದ ಆ ರಬ್ಬರು ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ನಿಲ್ಲಲೊಲ್ಲದು. ಒತ್ತಿದರೆ ಜಾರಿ ನೆಲಕ್ಕೆ ಬೀಳುತ್ತಿತ್ತು. ಮೂರನೆಯ ಸಲ ಬಿದ್ದಾಗ ಅವಳಿಗೆ ಅಳುವುದೋ ನಗುವುದೋ ತಿಳಿಯಲಿಲ್ಲ. ‘ಆಗುವುದಿಲ್ಲ’ ಎನ್ನುವುದನ್ನು ಅಳಿಸಲೂ ಆಗುತ್ತಿಲ್ಲವಲ್ಲ.

“ಏನು ಮಾಡ್ತಿದೀಯ?”

ಅತ್ತೆ ಬೆನ್ನ ಹಿಂದೆಯೇ ನಿಂತಿದ್ದರು. ಎಷ್ಟು ಹೊತ್ತಿನಿಂದಲೋ.

“ಅಳಿಸ್ತಿದೀನಿ ಅತ್ತೆ.”

“ಹೀಗಾ ಅಳಿಸೋದು? ಹಾಳೆ ಹರಿದುಹೋಗುತ್ತೆ. ಕೊಡು ಇಲ್ಲಿ.”

ಅತ್ತೆ ರಬ್ಬರು ಎತ್ತಿಕೊಂಡು ಒಂದೊಂದೇ ಗುರುತನ್ನು ನೀಟಾಗಿ ತಿಕ್ಕಿ, ಪುಡಿಯನ್ನು ಉಫ್ ಎಂದು ಊದಿದರು. ಹಾಳೆ ಬಿಳಿಯಾಯಿತು. ಮುಗಿಯಿತು ಎಂದುಕೊಂಡಳು ಸೊಸೆ. ಅತ್ತೆ ಮಾತ್ರ ಅಲ್ಲಿಂದ ಕದಲಲಿಲ್ಲ. ಸ್ಟೂಲು ಎಳೆದುಕೊಂಡು ಕೂತರು, ಕನ್ನಡಕ ಏರಿಸಿದರು, ಪೆನ್ಸಿಲಿನ ತುದಿಯನ್ನು ನಾಲಿಗೆಗೆ ಮುಟ್ಟಿಸಿದರು.

“ನಂಗೆ ಬಾಯಿಮಾತು ಬೇಡ. ನೀನು ಹೇಳೋದೂ ಬೇಡ, ಆ ನರ್ಸು ಹೇಳೋದೂ ಬೇಡ. ಒಂದೊಂದೇ ಓದ್ತೀನಿ, ನೀನು ಮಾಡಿ ತೋರಿಸು. ನನ್ನ ಕಣ್ಣಿಗೆ ಏನು ಕಾಣುತ್ತೋ ಅದನ್ನ ಬರೀತೀನಿ. ಸುಳ್ಳು ಬರೆದು ನಂಗೆ ಅಭ್ಯಾಸ ಇಲ್ಲ.”

ಅದು ನಿಜವೂ ಹೌದು. ತೊಳೆದ ಚಾದರವನ್ನು ಬೆಳಕಿಗೆ ಹಿಡಿದು, ಉಳಿದ ಕಲೆ ಸಾಸಿವೆಯಷ್ಟಿದ್ದರೂ ಹುಡುಕಿ ಮತ್ತೆ ತೊಟ್ಟಿಗೆ ಹಾಕುವ ಕಣ್ಣು ಅವರದು. ಆ ಕಣ್ಣು ಈಗ ಸೊಸೆಯ ಮೇಲೆ ನೆಟ್ಟಿತು.

“ಲೋಟ,” ಎಂದರು.

ಸೊಸೆ ಹೂಜಿಯಿಂದ ನೀರು ಬಗ್ಗಿಸಿದಳು.

“ಅರ್ಧ ಅಲ್ಲ, ತುಂಬಾ. ದಿನಾ ಚಹಾನೂ ಹೀಗೇ ಅರ್ಧ ಲೋಟ ತಂದಿಡ್ತೀಯ. ನಂಗೆ ತುಂಬ ಕೊಡೋಕೆ ಕೈ ಬರಲ್ವೇನೋ ಅಂತ...” ಅತ್ತೆಯ ಮಾತು ಅಲ್ಲೇ ನಿಂತಿತು. ಸೊಸೆ ತುಂಬಿದ ಲೋಟವನ್ನು ಎರಡು ಅಂಗೈಗಳ ನಡುವೆ ಸಿಕ್ಕಿಸಿಕೊಂಡು, ಬೆರಳುಗಳನ್ನು ಸೋಕಿಸದೆ, ಮುಖವನ್ನೇ ಅರ್ಧ ಕೆಳಗೆ ತಂದು ತುಟಿಗೆ ಮುಟ್ಟಿಸಿದಳು. ನೀರು ಗದ್ದದ ಮೇಲೆ ಇಳಿಯಿತು.

ಅತ್ತೆ ‘ತುಂಬಾ ತೊಂದರೆಯಿಂದ’ ಎಂಬ ಮೂರನೆಯ ಚೌಕದ ಮೇಲೆ ಪೆನ್ಸಿಲು ಇಟ್ಟು, ಒಂದು ಕ್ಷಣ ತಡೆದು, ಗುರುತು ಹಾಕಿದರು.

“ಗುಂಡಿ.”

ಹೋಟೆಲಿನ ಬಡಿಸುವವರ ಬಿಳಿಯ ಅಂಗಿಯೊಂದು ಮೇಜಿನ ಮೇಲಿತ್ತು. ಸೊಸೆ ತಲೆಯಿಂದ ಒಂದು ಪಿನ್ನು ತೆಗೆದಳು. ಅದರ ಕೊಂಡಿಯನ್ನು ಕಾಜದೊಳಗಿಂದ ತೂರಿಸಿ, ಗುಂಡಿಗೆ ಸಿಕ್ಕಿಸಿ, ಪಿನ್ನಿನ ಬುಡವನ್ನು ಹಲ್ಲಿನಲ್ಲಿ ಕಚ್ಚಿ ಎಳೆದಳು. ಒಂದು ಗುಂಡಿ ಸೇರುವಷ್ಟರಲ್ಲಿ ಹಣೆಯ ಮೇಲೆ ಬೆವರು ಸಾಲುಗಟ್ಟಿತು.

“ಪಿನ್ನಿಲ್ಲದೆ ಹಾಕು.”

“ಆಗಲ್ಲ ಅತ್ತೆ.”

ಮಾತು ಬಾಯಿಂದ ಹೊರಟ ಮೇಲೆಯೇ ಅವಳಿಗೆ ಅದು ಕೇಳಿಸಿದ್ದು. ಹನ್ನೊಂದು ವರ್ಷದಲ್ಲಿ ಮೊದಲ ಸಲ. ಬೈಗುಳಕ್ಕೆ ಮೈಯನ್ನು ಗಟ್ಟಿಮಾಡಿಕೊಂಡು ನಿಂತಳು. ಅತ್ತೆ ಬೈಯಲಿಲ್ಲ. “ಹೂಂ,” ಎಂದು ಬರೆದುಕೊಂಡರು.

ನಲ್ಲಿಯ ಹತ್ತಿರ ಹೋದರು. ಅದಕ್ಕೆ ಸುತ್ತಿದ್ದ ಬಟ್ಟೆಯನ್ನು ಅತ್ತೆಯೇ ಬಿಚ್ಚಿ ನೋಡಿದರು. ನಲ್ಲಿ ತೊಟ್ಟಿಕ್ಕುತ್ತದೆ ಅಂತ ಕಟ್ಟಿದ್ದಾಳೆ, ಸೋಮಾರಿ, ಪೂರ್ತಿ ನಿಲ್ಲಿಸಲೂ ಬರುವುದಿಲ್ಲ ಎಂದು ವಾರವಾರವೂ ಗೊಣಗಿದವರು ಅವರೇ. ಡಬ್ಬಗಳ ಮುಚ್ಚಳ ಸಡಿಲವಾಗಿರುವುದೇಕೆ, ಚಾದರ ಮಡಿಸುವಾಗ ಅವಳ ಕಡೆಯ ಮೂಲೆ ಪದೇಪದೇ ಜಾರುವುದೇಕೆ, ಇಸ್ತ್ರಿ ಮಾಡುವಾಗ ಅವಳು ಮೈಯನ್ನೇ ಪೆಟ್ಟಿಗೆಯ ಮೇಲೆ ಹೇರಿ ತೂಗುವುದೇಕೆ... ಹಾಳೆಯಲ್ಲಿ ಕೇಳಿರದ ಪ್ರಶ್ನೆಗಳೂ ಒಂದೊಂದಾಗಿ ಎದ್ದು ಬರುತ್ತಿದ್ದವು. ಅತ್ತೆಯ ದನಿ ಪ್ರಶ್ನೆಯಿಂದ ಪ್ರಶ್ನೆಗೆ ಸಣ್ಣದಾಗುತ್ತಿತ್ತು. ಆದರೂ ಹಟ ಇಳಿದಿರಲಿಲ್ಲ. “‘ಎರಡು ಕಿಲೋಮೀಟರ್ ನಡೆಯಲು’... ನಡೆದು ಎಲ್ಲಿಗೆ ಹೋಗ್ಬೇಕಂತೆ? ಅಷ್ಟು ದೂರ ನಡೆದ್ರೆ ಮನೆಗೆ ಬರೋರ್ಯಾರು? ಇದು ನಂಗೇ ಆಗಲ್ಲ, ಹಾಕ್ತೀನಿ ಬಿಡು,” ಎಂದು ಹಾಕಿಬಿಟ್ಟರು.

ಕೊನೆಗೆ ಉಳಿದದ್ದು ಹಾಸಿಗೆಯ ಪ್ರಶ್ನೆ. ಮಲಗಿ ಏಳಲು ಹೇಳಿದರು. ಸೊಸೆ ಮಲಗಿದಳು. ಸ್ವಲ್ಪ ಹೊರಳಿ ಎದ್ದು ಕೂತಳು.

“ನೋಡು, ಎದ್ದೆಯಲ್ಲ,” ಎಂದರು ಅತ್ತೆ, ಎಲ್ಲೋ ಸಿಕ್ಕಿಬಿದ್ದವರಿಗೆ ಬಾಗಿಲು ಕಂಡ ಹಾಗೆ. ಪೆನ್ಸಿಲು ಮೊದಲನೆಯ ಚೌಕಕ್ಕೆ ಹೋಯಿತು.

“ಅತ್ತೆ, ಅದು ಸಂಜೆದು,” ಎಂದಳು ಸೊಸೆ. “ಬೆಳಗಿಂದು ಬೇರೆ.”

“ಬೆಳಗಾಗೋಕೆ ಎಷ್ಟೊತ್ತು? ಅದನ್ನೂ ನೋಡೇಬಿಡೋಣ.”

ಬೆಳಗಿನ ಜಾವ ಬೀದಿದೀಪ ಇನ್ನೂ ಆರಿರಲಿಲ್ಲ. ಸೊಸೆಗೆ ಎಚ್ಚರವಾದಾಗ ಬಾಗಿಲ ಪರದೆಯಾಚೆ ಯಾರೋ ಇದ್ದಾರೆಂಬುದು ಗೊತ್ತಾಯಿತು. ಬೇರೆ ದಿನವಾಗಿದ್ದರೆ ನಾಚಿಕೆಯಾಗುತ್ತಿತ್ತೇನೋ. ಆ ಹೊತ್ತಿನಲ್ಲಿ ನಾಚಿಕೆಗೂ ಮೈಯಲ್ಲಿ ಜಾಗವಿರಲಿಲ್ಲ. ರಾತ್ರಿಯಿಡೀ ಯಾರೋ ಕೀಲುಕೀಲಿಗೂ ಗಂಜಿ ಹಾಕಿ ಒಣಗಿಸಿಟ್ಟ ಹಾಗೆ ದೇಹ ಸೆಟೆದುಕೊಂಡಿತ್ತು. ಮುಚ್ಚಿದ ಮುಷ್ಟಿಗಳು ತೆರೆಯುತ್ತಿರಲಿಲ್ಲ. ಮೊದಲು ಒಂದು ಮೊಣಕೈ, ಆಮೇಲೆ ಸೊಂಟ, ಆಮೇಲೆ ತಡೆದು ಉಸಿರು... ಗೋಡೆಯ ಕಡೆ ಹೊರಳಿ, ಮತ್ತೆ ಈ ಕಡೆ ಹೊರಳಿ, ಮಂಚದ ಅಂಚಿಗೆ ಕಾಲು ಇಳಿಬಿಡಲು ಗಡಿಯಾರದ ದೊಡ್ಡ ಮುಳ್ಳು ಎರಡು ಅಂಕಿ ದಾಟಿತ್ತು. ಪಕ್ಕದಲ್ಲಿ ಗಂಡ ಗೊರಕೆ ಹೊಡೆಯುತ್ತಿದ್ದ. ಅವನಿಗೆ ಎಚ್ಚರವಾಗದ ಹಾಗೆ ನರಳುವುದನ್ನು ಅವಳು ಎಂದೋ ಕಲಿತಿದ್ದಳು. ಕಾಲಿನಿಂದಲೇ ಮಂಚದ ಕೆಳಗಿನ ಬೋಗುಣಿ ಎಳೆದುಕೊಂಡಳು. ರಾತ್ರಿಯೇ ತುಂಬಿಟ್ಟುಕೊಂಡಿದ್ದ ಫ್ಲಾಸ್ಕನ್ನು ತೊಡೆಗಳ ನಡುವೆ ಇಟ್ಟು, ಸಡಿಲವಾಗಿ ಇಟ್ಟಿದ್ದ ಮುಚ್ಚಳವನ್ನು ಮಣಿಕಟ್ಟಿನಿಂದ ನೂಕಿ, ಬಿಸಿನೀರು ಬಗ್ಗಿಸಿ, ಎರಡೂ ಮುಷ್ಟಿಗಳನ್ನು ಅದರಲ್ಲಿ ಮುಳುಗಿಸಿ ಕಣ್ಣು ಮುಚ್ಚಿದಳು.

ಪರದೆ ಸರಿಯಿತು. ಅತ್ತೆ ಬಂದು ಅವಳೆದುರು ನೆಲದ ಮೇಲೆ ಕೂತರು. ನೀರಿನೊಳಗೆ ಬೆರಳುಗಳು ಒಂದೊಂದಾಗಿ ಬಿಚ್ಚಿಕೊಳ್ಳುತ್ತಿದ್ದುದನ್ನು ಅತ್ತೆ ನೋಡಿದರು. ಬಲಗೈಯ ಕೊನೆಯ ಎರಡು ಬೆರಳು ಬಿಚ್ಚಲಿಲ್ಲ.

“ದಿನಾ ಹೀಗೇನಾ?”

“ಹೂಂ.”

“ನಂಗಿಂತ ಮೊದಲೇ ಏಳ್ತೀಯಲ್ಲ... ನನ್ನ ಮೇಲೆ ಪೈಪೋಟಿಗೆ ಏಳ್ತೀಯ ಅಂದ್ಕೊಂಡಿದ್ದೆ. ಫ್ಲಾಸ್ಕು ಎಲ್ಲಿ ಹೋಯ್ತು ಅಂತ ಬೈದೆ ಮೊನ್ನೆ.” ಅತ್ತೆ ಮಡಿಲಿನಿಂದ ಹಾಳೆ ತೆಗೆದರು. ಅರೆಬೆಳಕಿನಲ್ಲಿ ಅಕ್ಷರ ಕಾಣದು. “ಇದಕ್ಕೆ ಯಾವುದು ಹಾಕ್ಲಿ?”

“ಮೂರನೇದು ಹಾಕಿ ಅತ್ತೆ. ಹೇಗೋ ಏಳ್ತೀನಲ್ಲ.”

“ಏಳ್ತೀಯ,” ಎಂದರು ಅತ್ತೆ. ಪೆನ್ಸಿಲನ್ನು ಹಾಳೆಯ ಮೇಲೆ ಮಲಗಿಸಿಟ್ಟರು. “ಹನ್ನೊಂದು ವರ್ಷದಿಂದ ಚಾದರದ ಆ ತುದಿ ನೀನು, ಈ ತುದಿ ನಾನು. ದಿನಕ್ಕೆ ನೂರು ಸಲ ನಿನ್ನೆದುರಿಗೆ ಬರ್ತೀನಿ, ಮೂಲೆಗೆ ಮೂಲೆ ಸೇರಿಸ್ತೀನಿ, ಹೋಗ್ತೀನಿ. ಸೂಜಿಮೊನೆಯಷ್ಟು ಕಲೆ ಇದ್ರೂ ಕಾಣುತ್ತೆ ಕಣೇ ನಂಗೆ...”

ಅತ್ತೆ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡರು. ಸೊಸೆಗೆ ಎದ್ದು ಹೋಗಿ ಹಿಡಿದುಕೊಳ್ಳಬೇಕೆನಿಸಿತು. ಏಳಲು ಇನ್ನೂ ಹೊತ್ತಿತ್ತು. ಆದ್ದರಿಂದ ಇಬ್ಬರೂ ಬೋಗುಣಿಯ ಆಚೆ ಈಚೆ ಕೂತೇ ಅತ್ತರು.

ಸದ್ದಿಗೆ ಗಂಡ ಗಾಬರಿಯಿಂದ ಎದ್ದು ಕೂತ. “ಏನಾಯ್ತು? ಯಾರಿಗೇನಾಯ್ತು?”

“ಪಕ್ಕದಲ್ಲೇ ಮಲಗ್ತೀಯಲ್ಲೋ,” ಎಂದರು ಅತ್ತೆ, ಮೂಗು ಒರೆಸಿಕೊಂಡು.

“ನಂಗೆ ಎಚ್ಚರಾನೇ ಆಗೋದಿಲ್ಲಮ್ಮ...”

“ಆಗೋದಿಲ್ವಾ? ನಿಂಗೂ ಒಂದು ಹಾಳೆ ತರಿಸ್ತೀನಿ ತಾಳು, ಗುರುತು ಹಾಕೋಕೆ.”

ಅವನು ತಲೆ ತಗ್ಗಿಸಿದ. ಆಮೇಲೆ ಮಂಚದಿಂದ ಇಳಿದು, ಆರುತ್ತಿದ್ದ ನೀರಿಗೆ ಬಿಸಿನೀರು ಬೆರೆಸಲು ಅಡುಗೆಮನೆಗೆ ಹೋದ. ಅವನಿಗೆ ಒಲೆ ಹಚ್ಚುವ ಕಡ್ಡಿಪೆಟ್ಟಿಗೆ ಎಲ್ಲಿದೆ ಎಂದು ಗೊತ್ತಿರಲಿಲ್ಲ. ಹುಡುಕುವ ಸದ್ದು ಬಹಳ ಹೊತ್ತು ಕೇಳಿಸಿತು.

ಗುರುವಾರ ಡಾಕ್ಟರು ಹೊಸ ಹಾಳೆಯನ್ನೂ ಹಳೆಯ ಎರಡನ್ನೂ ಪಕ್ಕಪಕ್ಕ ಇಟ್ಟು ಹುಬ್ಬು ಗಂಟಿಕ್ಕಿದರು.

“ಆರು ತಿಂಗಳು ಏನೂ ಇಲ್ಲ. ಒಂದೇ ಸಲ ಇಷ್ಟಾ? ಹೇಗೆ ನಂಬೋದು ಇದನ್ನ?”

ಸೊಸೆ ಬಾಯಿ ತೆರೆಯುವ ಮೊದಲೇ ಅತ್ತೆ ಕುರ್ಚಿಯಿಂದ ಎದ್ದು ನಿಂತರು.

“ಒಂದೇ ಸಲ ಆಗಿದ್ದಲ್ಲ ಡಾಕ್ಟ್ರೇ. ಆವಾಗ ಬರೆದದ್ದು ಸುಳ್ಳು. ಬರೆಸಿದ್ದು ನಾನು. ಇದು ನಾನೇ ಕಣ್ಣಾರೆ ನೋಡಿ ಬರೆದದ್ದು. ಎರಡು ಕಿಲೋಮೀಟರಿಂದು ಮಾತ್ರ ನೋಡಿಲ್ಲ, ಅದನ್ನ ನೀವು ಕೇಳ್ಕೊಳ್ಳಿ.”

ಡಾಕ್ಟರು ಅವರನ್ನೇ ನೋಡಿದರು. ಆಮೇಲೆ ಸೊಸೆಯ ಕೈಯನ್ನು ಮೆಲ್ಲಗೆ ತೆಗೆದುಕೊಂಡು ಗೆಣ್ಣುಗಳನ್ನು ಒಂದೊಂದಾಗಿ ಒತ್ತಿದರು. ಎಕ್ಸ್‌ರೇ ಚಿತ್ರ ತೆಗೆಸಿದರು. ಚಿತ್ರ ಬಂದ ಮೇಲೆ ಅವರು ಮಾತಾಡಿದ್ದು ಸಮಾಧಾನದಿಂದಲೇ, ಮುಚ್ಚುಮರೆಯಿಲ್ಲದೆ. ಬಲಗೈಯ ಆ ಎರಡು ಬೆರಳು ಇನ್ನು ನೆಟ್ಟಗಾಗುವುದಿಲ್ಲ. ಮೂಳೆ ಸವೆದಿದೆ. ಉಳಿದವನ್ನು ಉಳಿಸಿಕೊಳ್ಳಬಹುದು. ಔಷಧಿ ಬದಲಾಯಿಸೋಣ. ಅದು ಹಿಡಿಯಲು ಎರಡು ಮೂರು ತಿಂಗಳು ಬೇಕು. ಅಲ್ಲಿಯವರೆಗೆ ಒದ್ದೆ ಬಟ್ಟೆ ಹಿಂಡುವಂತಿಲ್ಲ, ಭಾರ ಎತ್ತುವಂತಿಲ್ಲ.

“ಆರು ತಿಂಗಳ ಹಿಂದೆನೇ ಬದಲಾಯಿಸಿದ್ರೆ?” ಎಂದು ಕೇಳಿದರು ಅತ್ತೆ.

ಡಾಕ್ಟರು ಮೂರೂ ಹಾಳೆಗಳನ್ನು ಒಟ್ಟುಮಾಡಿಡುತ್ತ, “ಹೇಳೋಕಾಗಲ್ಲಮ್ಮ” ಎಂದರು. ಆ ಮಾತಿನಲ್ಲಿ ಎಷ್ಟು ಕರುಣೆಯಿತ್ತೋ ಅಷ್ಟೂ ಅತ್ತೆಗೆ ತಾಗಿತು. ಬಸ್ಸಿಗೆ ಕಾಯುವಾಗ ಅವರು ಸೊಸೆಯ ಬಲಗೈಯನ್ನು ತಮ್ಮ ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ನೋವಾಗುತ್ತದೋ ಎಂಬ ಭಯಕ್ಕೆ ಹಿಡಿದುಕೊಳ್ಳಲೂ ಇಲ್ಲ. ಬಸ್ಸು ಬಂದಾಗ ಹಿಂದಿದ್ದವರು ಅವಸರಿಸಿದರೆ, “ನಿಲ್ಲೀಪ್ಪಾ, ಇವಳಿಗೆ ಹತ್ತೋಕೆ ಹೊತ್ತು ಹಿಡಿಯುತ್ತೆ” ಎಂದು ಮೆಟ್ಟಿಲಿಗೆ ಅಡ್ಡ ನಿಂತರು.

ಮರುದಿನ ದೊಡ್ಡ ಹೋಟೆಲಿನ ಮೇಲ್ವಿಚಾರಕ ಮೂಟೆಗಳ ಜೊತೆ ಬಂದ. ಅಂಗಡಿಯ ಅರ್ಧ ಕೆಲಸ ಆ ಹೋಟೆಲಿನದು. ಗಂಜಿ ಹಾಕಿ ಇಬ್ಬರು ನಿಂತು ಕೈಯಲ್ಲೇ ಹಿಂಡಬೇಕಾದ ಚಾದರಗಳು ಅವು. ಯಂತ್ರದಲ್ಲಿ ಹಿಂಡಿದರೆ ಸುಕ್ಕು ಬೀಳುತ್ತದೆ ಎಂದು ಇಪ್ಪತ್ತು ವರ್ಷದಿಂದ ಜಂಬದಿಂದ ಹೇಳಿಕೊಂಡು ಬಂದ ಕೆಲಸ.

“ಇನ್ಮೇಲೆ ಚಾದರ ಬೇಡ ಸಾರ್,” ಎಂದರು ಅತ್ತೆ. “ಅಂಗಿ, ದಿಂಬಿನ ಚೀಲ ಕೊಡಿ, ಮಾಡ್ತೀವಿ. ಚಾದರ ಬೇರೆ ಕಡೆ ನೋಡ್ಕೊಳ್ಳಿ.”

“ಏನ್ರೀ ಯಜಮಾನಿ, ತಮಾಷೆನಾ? ನಿಮ್ಮ ಕೈಲಿ ಆಗಲ್ಲ ಅನ್ನೋ ಮಾತು ನಾನು ಇವತ್ತೇ ಕೇಳ್ತಿರೋದು.”

“ನಾನೂ ಇವತ್ತೇ ಹೇಳ್ತಿರೋದು,” ಎಂದು ಅತ್ತೆ ಮೂಟೆಯನ್ನು ಅವನ ಕಡೆಗೇ ತಳ್ಳಿದರು. ಅವನು ಹೋದ ಮೇಲೆ ಬಹಳ ಹೊತ್ತು ಖಾಲಿ ತೊಟ್ಟಿಯ ಅಂಚು ಹಿಡಿದು ನಿಂತಿದ್ದರು. ಮೇಲಿನ ಮೆಟ್ಟಿಲಲ್ಲಿ ನಿಂತಿದ್ದ ಸೊಸೆ ಅದನ್ನು ನೋಡಿದಳು. ನೋಡಿದೆನೆಂದು ಯಾವತ್ತೂ ಹೇಳಲಿಲ್ಲ.

ಮೊದಮೊದಲ ದಿನಗಳು ಸೊಸೆಗೆ ಶಿಕ್ಷೆಯಂತಿದ್ದವು. ಕೆಲಸವಿಲ್ಲದ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಕೋಣೆಯಿಂದ ಕೋಣೆಗೆ ಅಲೆದಳು. ಕೆಳಗೆ ನಲ್ಲಿಯ ಸದ್ದಾದರೆ ಕಾಲು ತಾನಾಗಿಯೇ ಮೆಟ್ಟಿಲ ಕಡೆ ಹೊರಡುತ್ತಿತ್ತು. ಅತ್ತೆ ಕೆಳಗಿನಿಂದಲೇ, “ಹೆಜ್ಜೆ ಕೇಳಿಸ್ತು. ವಾಪಸ್ ಹೋಗು,” ಎನ್ನುತ್ತಿದ್ದರು. ಬೆಳಿಗ್ಗೆ ಮಾತ್ರ ಹಳೆಯ ಅಭ್ಯಾಸ ಬಿಡಲಿಲ್ಲ. ಎಲ್ಲರಿಗಿಂತ ಮೊದಲು, ಯಾರಿಗೂ ಕೇಳಿಸದ ಹಾಗೆ, ಮೊಣಕೈ, ಸೊಂಟ, ಉಸಿರು... ಸಹಾಯ ಮಾಡಲು ಬಂದರೆ “ಬೇಡ ಅತ್ತೆ, ಆಗುತ್ತೆ” ಎಂಬ ಮಾತು ನಾಲಿಗೆಯ ತುದಿಯಲ್ಲೇ ಇರುತ್ತಿತ್ತು. ಅತ್ತೆ ಒತ್ತಾಯ ಮಾಡುತ್ತಿರಲಿಲ್ಲ. ನೊಂದುಕೊಂಡು ಹಿಂತಿರುಗುತ್ತಿದ್ದರು.

ಐದನೆಯ ವಾರದ ಒಂದು ಬೆಳಿಗ್ಗೆ ಅವಳಿಗೆ ಎಚ್ಚರವಾದಾಗ ಬಿಸಿಲು ಬಂದಿತ್ತು. ಗಂಡ ವ್ಯಾನು ತೆಗೆದುಕೊಂಡು ಹೋಗಿಯಾಗಿತ್ತು. ಹೋಗುವ ಮುನ್ನ ಅವನು ಕಾಯಿಸಿಟ್ಟ ನೀರು ಬೋಗುಣಿಯಲ್ಲಿ ಆರಿ ತಣ್ಣಗಾಗಿತ್ತು. ಅಡುಗೆಮನೆಯಲ್ಲಿ ಪಾತ್ರೆಯ ಸದ್ದಿತ್ತು. ಅವಳು ಅಭ್ಯಾಸದಂತೆ ಗೋಡೆಯ ಕಡೆ ಹೊರಳಲು ಹೋಗಿ, ನಿಲ್ಲಿಸಿದಳು. ಚಾವಣಿ ನೋಡುತ್ತ ಸ್ವಲ್ಪ ಹೊತ್ತು ಮಲಗಿದ್ದಳು. ಆಮೇಲೆ ಗಂಟಲು ಸರಿಮಾಡಿಕೊಂಡು,

“ಅತ್ತೆ... ಸ್ವಲ್ಪ ಬರ್ತೀರಾ? ಏಳೋಕೆ ಆಗ್ತಿಲ್ಲ,” ಎಂದು ಕರೆದಳು.

ಪಾತ್ರೆಯ ಸದ್ದು ನಿಂತಿತು.

“ಬಂದೆ ಮಗಳೇ,” ಎಂಬ ದನಿ ಬಂತು. “ಕೈ ಒದ್ದೆಯಾಗಿದೆ, ಒರೆಸ್ಕೊಂಡು ಬಂದೆ. ನೀನು ಹಾಗೇ ಇರು.”

ಅವಳು ಅಲುಗಾಡದೆ, ಹಾಗೇ ಮಲಗಿ, ಬರುತ್ತಿದ್ದ ಹೆಜ್ಜೆಗಳನ್ನು ಕೇಳುತ್ತಿದ್ದಳು.